ಸಹಿ ಇಲ್ಲದ ಚಿತ್ರಗಳು

ಓಬವ್ವ ಹೇಗಿದ್ದಳು ಎಂದು ಚಿತ್ರದುರ್ಗದ ಯಾವ ಮನೆಯಲ್ಲಿ ಕೇಳಿದರೂ ಉತ್ತರಕ್ಕೆ ತಡವಾಗುವುದಿಲ್ಲ. ಬಿಚ್ಚಿದ ಕೂದಲು, ಕೆಂಡದಂಥ ಕಣ್ಣು, ತಲೆಯ ಮೇಲಕ್ಕೆತ್ತಿದ ಒನಕೆ. ಆದರೆ ಹದಿನೆಂಟನೇ ಶತಮಾನದ ಆ ಹೆಣ್ಣುಮಗಳ ರೂಪವನ್ನು ಅವಳ ಕಾಲದವರು ಯಾರೂ ಬರೆದಿಟ್ಟಿಲ್ಲ. ಕೋಟೆಯ ಕಾವಲುಗಾರ ಕಹಳೆ ಮುದ್ದಹನುಮನ ಹೆಂಡತಿಗೆ, ಅದರಲ್ಲೂ ಹೊಲೆಯರ ಕೇರಿಯ ಹೆಣ್ಣಿಗೆ, ಆಗ ಚಿತ್ರ ಬರೆಸಿಕೊಳ್ಳುವ ಭಾಗ್ಯ ಎಲ್ಲಿತ್ತು? ನಮ್ಮ ಕಣ್ಣಮುಂದೆ ಬರುವ ಮುಖ ನಟಿ ಜಯಂತಿಯವರದು. ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ನಾಗರಹಾವು’ 1972ರಲ್ಲಿ ತೆರೆಗೆ ಬಂತು. ಅದರ ಒಂದೇ ಒಂದು ಹಾಡಿನಲ್ಲಿ ಜಯಂತಿ ಓಬವ್ವನಾದರು. ಅಲ್ಲಿಯವರೆಗೆ ಬಾಯಿಂದ ಬಾಯಿಗೆ ಬಂದ ಕಥೆಗೆ ಅಂದಿನಿಂದ ಒಂದು ಮುಖ ಗಟ್ಟಿಯಾಯಿತು.

ಆ ಮುಖ ಮುಂದೆ ಎಲ್ಲೆಲ್ಲಿಗೆ ಹೋಯಿತು ನೋಡಿ. ಜಿಲ್ಲಾಧಿಕಾರಿ ಕಚೇರಿಯ ಮುಂದೆ ಓಬವ್ವನ ಪ್ರತಿಮೆ ನಿಂತಿದೆ. ಊರಿನ ಕ್ರೀಡಾಂಗಣಕ್ಕೆ ಅವಳ ಹೆಸರಿದೆ. ರಾಜ್ಯದ ಪೊಲೀಸರು ಮಹಿಳಾ ಸಿಬ್ಬಂದಿಯ ಗಸ್ತು ತಂಡಗಳಿಗೆ ‘ಓಬವ್ವ ಪಡೆ’ ಎಂದು ಹೆಸರಿಟ್ಟರು. 2021ರ ಜುಲೈ 26ರಂದು ಜಯಂತಿ ತೀರಿಕೊಂಡಾಗ ಟಿವಿಯಲ್ಲೂ ಫೋನಿನ ಸ್ಟೇಟಸ್‌ಗಳಲ್ಲೂ ಹರಿದಾಡಿದ್ದು ಒನಕೆ ಹಿಡಿದ ಅದೇ ದೃಶ್ಯ. ಅದೇ ವರ್ಷದ ನವೆಂಬರ್ 11ರಿಂದ ಸರ್ಕಾರ ಒನಕೆ ಓಬವ್ವ ಜಯಂತಿಯನ್ನು ಅಧಿಕೃತವಾಗಿ ಆಚರಿಸತೊಡಗಿತು. ಆ ದಿನ ಶಾಲೆಗಳಲ್ಲಿ ವೇಷ ಹಾಕಿಕೊಂಡು ಬರುವ ಪುಟ್ಟ ಹುಡುಗಿಯರ ಸೀರೆ, ಕೂದಲು, ನಿಲುವು ಎಲ್ಲವೂ ಆ ಹಾಡಿನಿಂದ ಬಂದವು.

ಕೋಟೆಯೊಳಗಿನ ಓಬವ್ವನ ಕಿಂಡಿಯ ಹತ್ತಿರ ಒಂದರ್ಧ ಗಂಟೆ ನಿಂತರೆ ಚಿತ್ರವೊಂದು ಅರ್ಥವನ್ನು ಹೇಗೆ ಆರಿಸಿಕೊಳ್ಳುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಬಂಡೆಗಳ ನಡುವಿನ ಇಕ್ಕಟ್ಟು ಸಂದು ಅದು. ಒಬ್ಬೊಬ್ಬರೇ ಮೈ ಕುಗ್ಗಿಸಿಕೊಂಡು ನುಸುಳಬೇಕು. ಬಂದವರು ನುಸುಳುತ್ತಾರೆ, ಹೊರಗೆ ಬಂದು ಎರಡೂ ಮುಷ್ಟಿ ಕಟ್ಟಿ ಇಲ್ಲದ ಒನಕೆಯನ್ನು ಎತ್ತುತ್ತಾರೆ, ಜೊತೆಯವರು ಫೋನಿನಲ್ಲಿ ಹಿಡಿಯುತ್ತಾರೆ. ಬಸ್ಸು ಹತ್ತುವ ಮೊದಲೇ ಹಾಡು ಸೇರಿ ಅದೊಂದು ರೀಲ್ ಆಗಿರುತ್ತದೆ. ಕಥೆಯಲ್ಲಿ ಓಬವ್ವ ಊಟಕ್ಕೆ ಕೂತ ಗಂಡನಿಗೆ ನೀರು ತರಲು ಹೋದವಳು. ನೀರಿಗೆ ಹೋಗಿದ್ದರಿಂದಲೇ ಕಿಂಡಿಯಲ್ಲಿ ನುಸುಳುತ್ತಿದ್ದ ಶತ್ರು ಸೈನಿಕರ ಸದ್ದು ಅವಳ ಕಿವಿಗೆ ಬಿತ್ತು, ಅವಳು ಒನಕೆ ಎತ್ತಿಕೊಂಡಳು. ಕಥೆಗೆ ಒನಕೆ ಎಷ್ಟು ಮುಖ್ಯವೋ ಕೊಡವೂ ಅಷ್ಟೇ ಮುಖ್ಯ. ಆದರೆ ಸೊಂಟದಲ್ಲಿ ಕೊಡ ಇಟ್ಟುಕೊಂಡವಳಂತೆ ಅಲ್ಲಿ ಯಾರೂ ನಿಲ್ಲುವುದಿಲ್ಲ. ಗಂಡನ ಊಟ ಕೆಡಿಸಬಾರದೆಂದುಕೊಂಡ ಬಡವಿಯೊಬ್ಬಳು ಹೊಟ್ಟೆಪಾಡಿನ ಕೆಲಸದ ನಡುವೆಯೇ ಯುದ್ಧ ಮಾಡಿದಳು ಎಂಬ ಮಾತು ಚಿತ್ರದಿಂದ ಜಾರಿ, ಕೆರಳಿದ ಹೆಣ್ಣು ಮಾತ್ರ ಉಳಿದಳು.

ಹೀಗೆ ಹೇಳುವುದರಿಂದ ಪುಟ್ಟಣ್ಣನವರನ್ನು ದೂರಿದಂತಾಗುವುದಿಲ್ಲ. ಆರಿಸಿಕೊಳ್ಳದೆ ಯಾರೂ ಚಿತ್ರ ಮಾಡಲಾರರು. ಇಲ್ಲಿ ಗಮನಿಸಬೇಕಾದ್ದು ಬೇರೆಯೇ ಇದೆ. ಆ ಚಿತ್ರಕ್ಕೆ ಹೊಣೆ ಹೊತ್ತವರಿದ್ದರು. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ ಸಿನಿಮಾ ಅದು. ನಿರ್ಮಾಪಕ ಎನ್. ವೀರಾಸ್ವಾಮಿಯವರಿಂದ ಹಿಡಿದು ಸಂಗೀತ ಕೊಟ್ಟ ವಿಜಯಭಾಸ್ಕರ್ ವರೆಗೆ ಎಲ್ಲರ ಹೆಸರೂ ಪರದೆಯ ಮೇಲೆ ಬಂತು. ನನ್ನ ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ತ.ರಾ.ಸು. ಬೇಸರಪಟ್ಟರೆಂಬ ಮಾತು ಸಿನಿಮಾ ಪ್ರಿಯರ ಬಾಯಲ್ಲಿ ಇಂದಿಗೂ ಇದೆ. ಕಾದಂಬರಿಕಾರ ಒಬ್ಬ, ನಿರ್ದೇಶಕ ಒಬ್ಬ, ಇಬ್ಬರೂ ಹೆಸರಿಟ್ಟು ಎದುರು ಬದುರು ನಿಂತರು. ಓದುಗನಿಗೂ ಪ್ರೇಕ್ಷಕನಿಗೂ ಯಾರ ಪಕ್ಷ ಹಿಡಿಯಬೇಕೆಂದು ಯೋಚಿಸಲು ಎಡೆ ಸಿಕ್ಕಿತು. ಇದು ಸಿನಿಮಾ, ಇದು ಇತಿಹಾಸ, ಇದು ಜನಪದ ಎಂಬ ಗೆರೆ ತೆಳ್ಳಗಾದರೂ ಅಳಿಸಿಹೋಗಲಿಲ್ಲ. ಇಂದು ನಮ್ಮ ಫೋನಿಗೆ ಬಂದು ಬೀಳುವ ಚಿತ್ರಗಳಲ್ಲಿ ಹೆಚ್ಚಿನವಕ್ಕೆ ಇಂಥ ಸಹಿ ಇಲ್ಲ. ಜನಾಭಿಪ್ರಾಯದ ಇವತ್ತಿನ ಗೊಂದಲಕ್ಕೆಲ್ಲ ಬೇರು ಅಲ್ಲಿದೆ ಎಂಬುದು ನನ್ನ ವಾದ.

‘ನಾಗರಹಾವು’ ಬಂದ 1972ರಲ್ಲೇ ಇಂಗ್ಲೆಂಡಿನಲ್ಲಿ ಜಾನ್ ಬರ್ಜರ್ ಬಿಬಿಸಿಗಾಗಿ ‘ವೇಸ್ ಆಫ್ ಸೀಯಿಂಗ್’ ಎಂಬ ಸರಣಿ ಮಾಡಿದರು. ಚಿತ್ರವೊಂದು ತಾನಿದ್ದ ಗೋಡೆ ಬಿಟ್ಟು ಮನೆಮನೆಗೆ ಹೋದಾಗ ಅದರ ಅರ್ಥ ಪಕ್ಕದ ಮಾತು, ಹಿಂದಿನ ಸಂಗೀತ, ಮುಂದಿನ ಚಿತ್ರಗಳ ಕೈಗೆ ಸಿಗುತ್ತದೆ ಎಂದು ಅವರು ತೋರಿಸಿಕೊಟ್ಟರು. ರಷ್ಯದ ಲೆವ್ ಕುಲೆಶೋವ್ ಇದನ್ನು ಇನ್ನೂ ಮೊದಲೇ ಮಾಡಿ ನೋಡಿದ್ದ. ನಟನೊಬ್ಬನ ಭಾವವಿಲ್ಲದ ಮುಖದ ಒಂದೇ ಶಾಟನ್ನು ಸೂಪಿನ ತಟ್ಟೆ, ಶವಪೆಟ್ಟಿಗೆ, ಹೆಣ್ಣು ಹೀಗೆ ಬೇರೆಬೇರೆ ದೃಶ್ಯಗಳ ಪಕ್ಕ ಜೋಡಿಸಿದ. ಜನ ಅದೇ ಮುಖದಲ್ಲಿ ಹಸಿವು, ದುಃಖ, ಮೋಹ ಎಲ್ಲವನ್ನೂ ಕಂಡರು. ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ 1922ರ ತನ್ನ ‘ಪಬ್ಲಿಕ್ ಒಪಿನಿಯನ್’ ಪುಸ್ತಕದಲ್ಲಿ, ಜನ ಪ್ರತಿಕ್ರಿಯಿಸುವುದು ಹೊರಗಿನ ಲೋಕಕ್ಕಲ್ಲ, ತಲೆಯೊಳಗೆ ಕಟ್ಟಿಕೊಂಡ ಅದರ ಚಿತ್ರಕ್ಕೆ ಎಂದ.

ಈ ಮೂವರಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಮನಶ್ಶಾಸ್ತ್ರಜ್ಞೆ ಎರಿನ್ ನ್ಯೂಮನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗಗಳು. ಪ್ರಸಿದ್ಧರ ಹೆಸರು ಕೊಟ್ಟು ‘ಇವರು ಬದುಕಿದ್ದಾರೆ’ ಎಂಬ ಹೇಳಿಕೆ ನಿಜವೇ ಸುಳ್ಳೇ ಎಂದು ಕೇಳಿದರು. ಪಕ್ಕದಲ್ಲಿ ಆ ವ್ಯಕ್ತಿಯ ಫೋಟೊ ಇದ್ದರೆ ನಿಜ ಎಂದವರು ಹೆಚ್ಚಾದರು. ಬದುಕಿದ್ದಾರೆ ಎನ್ನುವ ಬದಲು ‘ಸತ್ತಿದ್ದಾರೆ’ ಎಂದು ಹೇಳಿಕೆ ಬದಲಿಸಿದಾಗಲೂ ಫೋಟೊ ಇದ್ದರೆ ನಿಜ ಎಂದವರೇ ಹೆಚ್ಚು! ಆ ಫೋಟೊ ಯಾವುದಕ್ಕೂ ಸಾಕ್ಷಿಯಾಗಿರಲಿಲ್ಲ, ಸುಮ್ಮನೆ ಪಕ್ಕದಲ್ಲಿತ್ತು ಅಷ್ಟೆ. ಸಾಕ್ಷಿಯಲ್ಲದ ಚಿತ್ರವೂ ನಂಬಿಕೆಯ ಕಡೆಗೆ ನಮ್ಮನ್ನು ತಳ್ಳುತ್ತದೆ ಎಂದಮೇಲೆ, ಸಾಕ್ಷಿಯ ವೇಷ ಹಾಕಿಕೊಂಡು ಬರುವ ಚಿತ್ರದ ಬಲವನ್ನು ಯಾರಾದರೂ ಊಹಿಸಬಹುದು.

ಪುಸ್ತಕದ ಮಾತು ಸಾಕು, ಹಿರಿಯೂರಿಗೆ ಬರೋಣ. ವೇದಾವತಿಗೆ ಅಡ್ಡಲಾಗಿ ಮೈಸೂರು ಸರ್ಕಾರ 1907ರ ಹೊತ್ತಿಗೆ ಕಟ್ಟಿ ಮುಗಿಸಿದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ತುಂಬಿತ್ತು. ಅದಾದ ಮೇಲೆ 89 ವರ್ಷ ಕೋಡಿ ಬೀಳಲಿಲ್ಲ. 2022ರ ಸೆಪ್ಟೆಂಬರ್ ಆರಂಭದಲ್ಲಿ ನೀರಿನ ಮಟ್ಟ 130 ಅಡಿ ದಾಟಿ ಕೋಡಿ ಹರಿಯಿತು. ಮೂರು ತಲೆಮಾರು ಬರೀ ಕೇಳಿಕೊಂಡು ಬಂದಿದ್ದನ್ನು ಕಣ್ಣಾರೆ ಕಂಡ ಜನರ ಸಂತೋಷವನ್ನು ಬಣ್ಣಿಸುವುದು ಕಷ್ಟ. ಚಳ್ಳಕೆರೆ, ಹೊಳಲ್ಕೆರೆ, ದುರ್ಗದಿಂದೆಲ್ಲ ಜನ ಕುಟುಂಬ ಸಮೇತ ಬಂದರು. ಡ್ರೋನ್ ವಿಡಿಯೊಗಳು, ಸೆಲ್ಫಿಗಳು, ಹಾಡು ಹಾಕಿದ ಸ್ಟೇಟಸ್‌ಗಳು ಜಿಲ್ಲೆಯನ್ನೇ ಆವರಿಸಿದವು. ಅದಕ್ಕೂ ಮೊದಲು ಮಾರಿಕಣಿವೆಯೆಂದರೆ ಗುಡ್ಡದ ಮೇಲಿನ ಒಂದು ನಿರ್ದಿಷ್ಟ ಜಾಗದಿಂದ ತೆಗೆದ, ನೀರಿನ ಹರವು ಭಾರತದ ಭೂಪಟದಂತೆ ಕಾಣುವ ಚಿತ್ರವೇ ಹೊರಗಿನವರಿಗೆ ಪರಿಚಿತವಾಗಿತ್ತು. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರೆ ಆ ಭೂಪಟ ಕಲೆಸಿಹೋಗುತ್ತದೆ. ನಿಂತ ಜಾಗ ಚಿತ್ರದ ಅರ್ಥದಲ್ಲಿ ಪಾಲುದಾರ ಎಂಬುದಕ್ಕೆ ಇದಕ್ಕಿಂತ ನೇರವಾದ ಪಾಠ ಜಿಲ್ಲೆಯಲ್ಲಿ ಬೇರೊಂದಿಲ್ಲ.

ಕೋಡಿಯ ವಿಡಿಯೊಗೂ ಇದೇ ಅನ್ವಯಿಸುತ್ತದೆ. ಹಿರಿಯೂರಿನ ಕಡೆ ನಿಂತವನಿಗೆ ಅದು ಹಬ್ಬ. ಹಿನ್ನೀರಿನ ಕಡೆ, ಹೊಸದುರ್ಗ ತಾಲೂಕಿನಲ್ಲಿ, ಅದೇ ನೀರು ಹೊಲ ತೋಟಗಳಿಗೆ ನುಗ್ಗಿತ್ತು. ಕೋಡಿಯ ಮಟ್ಟವನ್ನು ತಗ್ಗಿಸಿ ಎಂಬ ಬೇಡಿಕೆ ಆ ಭಾಗದಿಂದ ಬಂತು. ತಗ್ಗಿಸಬೇಡಿ ಎಂದು ಹಿರಿಯೂರಿನ ರೈತರು ಹೇಳಿದರು. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು, ಇಬ್ಬರೂ ಒಂದೇ ಜಿಲ್ಲೆಯವರು. ಆದರೆ ಬೆಂಗಳೂರಿನಲ್ಲೋ ದುಬೈಯಲ್ಲೋ ಕೂತು ಊರಿನ ಸುದ್ದಿಯನ್ನು ಫೋನಿನಲ್ಲೇ ನೋಡುವ ದುರ್ಗದವನಿಗೆ ಸಿಕ್ಕಿದ್ದು ಧುಮ್ಮಿಕ್ಕುವ ನೀರು ಮಾತ್ರ. ನಿಂತ ನೀರಿನಲ್ಲಿ ಕೊಳೆಯುತ್ತಿರುವ ಅಡಿಕೆ ಗಿಡದ ಬುಡವನ್ನು ಹಾಡು ಹಾಕಿ ಯಾರು ಹಂಚುತ್ತಾರೆ? ಇನ್ನು ನೀರಿನ ಕೀರ್ತಿಯ ವಿಷಯ. ಮಳೆ ದೊಡ್ಡದಾಗಿ ಬಂತು ನಿಜ. 2019ರಿಂದ ಭದ್ರೆಯ ನೀರನ್ನೂ ಎತ್ತಿ ಮಾರಿಕಣಿವೆಗೆ ಹರಿಸಲಾಗುತ್ತಿತ್ತು. ಈ ಎರಡರ ಲೆಕ್ಕ ಹೇಳದೆ, ಒಂದೇ ವಿಡಿಯೊಗೆ ಒಬ್ಬರು ದೇವಿಯ ಕೃಪೆ ಎಂದು ಬರೆದರು, ಮತ್ತೊಬ್ಬರು ತಮ್ಮ ನಾಯಕನ ಫೋಟೊ ಅಂಟಿಸಿದರು. ನೀರು ಅದೇ, ಕೆಳಗಿನ ಸಾಲು ಮಾತ್ರ ಬೇರೆ. 2025ರ ಜನವರಿಯಲ್ಲಿ ಜಲಾಶಯ ಮತ್ತೆ ತುಂಬಿದಾಗಲೂ ಈ ಆಟ ಮರುಕಳಿಸಿತು.

ಇಲ್ಲಿ ಹೆಚ್ಚೆಂದರೆ ಕೀರ್ತಿ ತಪ್ಪು ವಿಳಾಸಕ್ಕೆ ಹೋಯಿತು. ಪ್ರಾಣವೇ ಹೋದ ಪ್ರಸಂಗಗಳು ರಾಜ್ಯದಲ್ಲಿ ಕಡಿಮೆಯೇನಲ್ಲ.

2012ರ ಆಗಸ್ಟ್ ನಡುಭಾಗದಲ್ಲಿ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಈಶಾನ್ಯ ಭಾರತದ ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಗುವಾಹಟಿ ರೈಲಿಗೆ ಕಾದು ನಿಂತಿದ್ದರು. ಅಸ್ಸಾಮಿನ ಗಲಭೆಗೆ ಇಲ್ಲಿ ಸೇಡು ತೀರಿಸಿಕೊಳ್ಳುತ್ತಾರೆ ಎಂಬ ಎಸ್ಸೆಮ್ಮೆಸ್ ಅವರನ್ನು ಓಡಿಸಿತ್ತು. ಸ್ಮಾರ್ಟ್‌ಫೋನು ಇನ್ನೂ ಎಲ್ಲರ ಕೈಗೆ ಬಾರದ ಕಾಲ ಅದು. ಆಗಲೇ ಚಿತ್ರಗಳ ಕೈವಾಡ ಆರಂಭವಾಗಿತ್ತು. 2010ರಲ್ಲಿ ಟಿಬೆಟನ್ನರು ಹೆಚ್ಚಾಗಿರುವ ಚೀನಾದ ಯೂಶು ಪ್ರದೇಶದಲ್ಲಿ ಭೂಕಂಪವಾದಾಗ, ಸತ್ತವರ ಸಾಮೂಹಿಕ ಅಂತ್ಯಕ್ರಿಯೆಗೆ ನಿಂತ ಬೌದ್ಧ ಭಿಕ್ಷುಗಳ ಫೋಟೊ ತೆಗೆದಿದ್ದರು. ಅದೇ ಫೋಟೊ ಬರ್ಮಾದಲ್ಲಿ ಮುಸ್ಲಿಮರ ಕಗ್ಗೊಲೆ ಎಂಬ ಹೆಸರಿನಲ್ಲಿ ಹಂಚಿಕೆಯಾಗಿತ್ತು. ಫೋಟೊ ಸುಳ್ಳಲ್ಲ, ಹೆಣಗಳೂ ನಿಜ. ಊರು, ವರ್ಷ, ಕಾರಣ ಮೂರೂ ಸುಳ್ಳು. ಕೇಂದ್ರ ಸರ್ಕಾರ 15 ದಿನ ಗುಂಪು ಎಸ್ಸೆಮ್ಮೆಸ್‌ಗಳನ್ನು ನಿಷೇಧಿಸಬೇಕಾಯಿತು.

ಆರು ವರ್ಷದ ನಂತರ ಮಕ್ಕಳ ಕಳ್ಳರ ವಿಡಿಯೊ ಬಂತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ಆ ದೃಶ್ಯವನ್ನು ನೋಡದ ಹಳ್ಳಿ ಆಗ ರಾಜ್ಯದಲ್ಲಿ ಇರಲಿಲ್ಲವೇನೋ. ಮೂಲದಲ್ಲಿ ಅದು ಕರಾಚಿಯ ಸೇವಾ ಸಂಸ್ಥೆಯೊಂದು ಪೋಷಕರನ್ನು ಎಚ್ಚರಿಸಲು ಮಾಡಿಸಿದ ಜಾಹೀರಾತು. ಕೊನೆಯಲ್ಲಿ ಬೈಕಿನವರು ತಿರುಗಿ ಬಂದು ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯ ಕೆಲವು ಸೆಕೆಂಡುಗಳನ್ನು ಯಾರೋ ಕತ್ತರಿಸಿದರು. ಮಿಕ್ಕದ್ದನ್ನು ನಾವು ಹಂಚಿದೆವು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ ಯುವಕನನ್ನು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬನ ಜೊತೆಗಿದ್ದ ಗೆಳೆಯ ಶಾಲೆಯ ಮಕ್ಕಳಿಗೆ ಪ್ರೀತಿಯಿಂದ ಚಾಕೊಲೇಟ್ ಕೊಟ್ಟ. ಅಲ್ಲಿದ್ದವರು ತೆಗೆದ ವಿಡಿಯೊ ಆ ಗೆಳೆಯರ ಕಾರಿಗಿಂತ ವೇಗವಾಗಿ ಮುರ್ಕಿ ಗ್ರಾಮ ತಲುಪಿತು. ಅಲ್ಲಿ ರಸ್ತೆ ಕಟ್ಟಿ ಕಾದಿದ್ದ ಗುಂಪಿನ ಹೊಡೆತಕ್ಕೆ ಆ ಎಂಜಿನಿಯರ್ ಸತ್ತ. ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಸೇರಿ ಹಲವರನ್ನು ಪೊಲೀಸರು ಬಂಧಿಸಿದರು. ಫಾರ್ವರ್ಡ್ ಆದ ಸಂದೇಶಕ್ಕೆ ಗುರುತು ಹಾಕುವುದು, ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಲು ಬಿಡುವುದು, ಈ ಎರಡೂ ಕ್ರಮಗಳನ್ನು ವಾಟ್ಸ್‌ಆ್ಯಪ್ ಭಾರತದಲ್ಲಿ ತಂದಿದ್ದು ಅದೇ ತಿಂಗಳು. ಹಲವು ಬಾರಿ ಕೈ ಬದಲಿಸಿದ ಸಂದೇಶವನ್ನು ಒಮ್ಮೆಗೆ ಒಬ್ಬರಿಗಷ್ಟೇ ಕಳಿಸಬಹುದು ಎಂಬ ನಿಯಮ 2020ರ ಏಪ್ರಿಲ್‌ನಲ್ಲಿ ಬಂತು.

ಹೀಗೆ ಹಲವು ಬಾರಿ ಫಾರ್ವರ್ಡ್ ಆದ ಸಂದೇಶದ ಮೇಲಿನ ಜೋಡಿ ಬಾಣದ ಪುಟ್ಟ ಗುರುತು ಇಂದು ಎಲ್ಲರ ಫೋನಿನಲ್ಲೂ ಕಾಣುತ್ತದೆ. ಕೋಟೆಯ ಸೆರಗಿನ ಮದಕರಿಪುರದಂಥ ಊರಿನಲ್ಲಿ ಒಬ್ಬನ ಫೋನಿನಲ್ಲೇ ಎಷ್ಟು ಗುಂಪುಗಳು! ಹಾಲಿನ ಡೇರಿಯದ್ದು, ಎಸ್ಸೆಸ್ಸೆಲ್ಸಿ ಗೆಳೆಯರದ್ದು, ಜಾತಿ ಸಂಘದ್ದು, ತಾಲೂಕಿನ ಸುದ್ದಿಯದ್ದು, ನೆಂಟರದ್ದು. ಜೋಡಿ ಬಾಣ ಇದ್ದರೂ ಓದುವವನು ನೋಡುವುದು ಕಳಿಸಿದವರ ಹೆಸರನ್ನು. ಚಿಕ್ಕಪ್ಪ ಕಳಿಸಿದ್ದಾರೆ, ಮೇಷ್ಟ್ರು ಕಳಿಸಿದ್ದಾರೆ, ಸುಳ್ಳು ಯಾಕೆ ಹೇಳುತ್ತಾರೆ? ಚಿಕ್ಕಪ್ಪ ಸುಳ್ಳು ಹೇಳಿಲ್ಲ, ಅವರೂ ಯಾರನ್ನೋ ನಂಬಿದ್ದಾರೆ. ಚಿತ್ರ ಮಾಡಿದವನ ಸಹಿ ಇಲ್ಲದ ಕಡೆ ಕಳಿಸಿದವರ ಮುಖವೇ ಸಹಿಯಾಗುತ್ತದೆ. ಕುಟುಂಬದ ಪ್ರೀತಿ, ಗುರುವಿನ ಮೇಲಿನ ಗೌರವ ಎಂಬ ನಮ್ಮ ಒಳ್ಳೆಯ ಗುಣಗಳೇ ಸುಳ್ಳಿಗೆ ದಾರಿ ಬಿಟ್ಟುಕೊಡುತ್ತವೆ. ಇದು ನನಗೆ ಬಹಳ ನೋವಿನ ಸಂಗತಿ.

ನಮ್ಮ ನೆರೆಯ ಶಿವಮೊಗ್ಗದ್ದು ಇನ್ನೊಂದು ಬಗೆ. 2022ರ ಫೆಬ್ರುವರಿ 8ರಂದು, ಹಿಜಾಬ್ ವಿವಾದ ಉರಿಯುತ್ತಿದ್ದಾಗ, ಅಲ್ಲಿನ ಸರ್ಕಾರಿ ಕಾಲೇಜಿನ ಧ್ವಜಸ್ತಂಭಕ್ಕೆ ವಿದ್ಯಾರ್ಥಿಯೊಬ್ಬ ಕೇಸರಿ ಬಾವುಟ ಕಟ್ಟುವ ವಿಡಿಯೊ ಬಂತು. ರಾಷ್ಟ್ರಧ್ವಜ ಇಳಿಸಿ ಇದನ್ನು ಏರಿಸಿದರು ಎಂಬ ಮಾತು ಜೊತೆಗೆ ಓಡಿತು. ದೊಡ್ಡ ರಾಜಕಾರಣಿಗಳೂ ಅದನ್ನೇ ಹೇಳಿದರು. ಆ ಹೊತ್ತಿನಲ್ಲಿ ಕಂಬದ ಮೇಲೆ ರಾಷ್ಟ್ರಧ್ವಜ ಇರಲೇ ಇಲ್ಲ ಎಂದು ಪೊಲೀಸರು ಸ್ಪಷ್ಟಪಡಿಸಿದರು. ವಿಡಿಯೊದಲ್ಲಿ ಒಂದು ಫ್ರೇಮನ್ನೂ ಯಾರೂ ತಿದ್ದಿರಲಿಲ್ಲ. ಅದು ಶುರುವಾಗುವ ಮೊದಲು ಏನಿತ್ತು ಎಂಬುದನ್ನು ನೋಡಿದವರು ತಾವೇ ತುಂಬಿಕೊಂಡರು. ಕಾಲೇಜಿನ ಆವರಣದಲ್ಲಿ ಅಂಥ ಬಾವುಟ ಕಟ್ಟಿದ್ದು ಸರಿಯೇ ಎಂದು ಕೇಳುವುದಕ್ಕೆ ಬೇಕಾದಷ್ಟು ಕಾರಣವಿತ್ತು. ಆದರೆ ನಡೆಯದ ಸಂಗತಿಯೊಂದರ ಮೇಲೆ ಜಗಳ ಬೆಳೆದು, ಕೇಳಬೇಕಾದ ಪ್ರಶ್ನೆ ಹಿಂದೆ ಸರಿಯಿತು.

ದುರ್ಗದವರಿಗೆ ಹತ್ತಿರದ ವಿಷಯ ಇತಿಹಾಸದ ಚಿತ್ರಗಳದ್ದು. 1779ರಲ್ಲಿ ಹೈದರಾಲಿ ಕೋಟೆ ಹಿಡಿದು ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಒಯ್ದ. ಹೀಗಾಗಿ ಹೈದರ್–ಟಿಪ್ಪು ಕುರಿತ ಯಾವ ವಾದವೂ ದುರ್ಗವನ್ನು ಬಿಟ್ಟು ಹೋಗುವುದಿಲ್ಲ. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಆರಂಭಿಸಿತು, 2019ರಲ್ಲಿ ಬಂದ ಮತ್ತೊಂದು ಸರ್ಕಾರ ಅದನ್ನು ಕೈಬಿಟ್ಟಿತು. ಇಂಥ ಗದ್ದಲಗಳ ನಡುವೆ ‘ಟಿಪ್ಪುವಿನ ನಿಜವಾದ ಫೋಟೊ’ ಎಂಬ ತಲೆಬರಹದಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಸುತ್ತಿತು. ಟಿಪ್ಪು ಸತ್ತಿದ್ದು 1799ರ ಮೇ 4ರಂದು. ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಕ್ಯಾಮೆರಾ ಫೋಟೊ ತೆಗೆದದ್ದೇ 1820ರ ದಶಕದಲ್ಲಿ. ಚಿತ್ರದಲ್ಲಿದ್ದವನು 1905ರಲ್ಲಿ ತೀರಿಕೊಂಡ, ಜಾಂಜಿಬಾರಿನ ಗುಲಾಮರ ವ್ಯಾಪಾರಿ ಟಿಪ್ಪು ಟಿಪ್. ಹೆಸರಿನ ಹೋಲಿಕೆಯೊಂದೇ ಸಾಕಾಯಿತು. ಪಠ್ಯಪುಸ್ತಕದಲ್ಲಿರುವುದು ಸುಂದರಗೊಳಿಸಿದ ಸುಳ್ಳು, ಇದು ನಿಜ ಎಂಬ ಸಾಲು ಜೊತೆಗಿತ್ತು. ಮೋಸ ಬಯಲು ಮಾಡುತ್ತೇವೆ ಎಂದು ಹೇಳಿಕೊಂಡು ಬರುವ ಮೋಸವನ್ನು ಜನ ಬಲುಬೇಗ ನಂಬುತ್ತಾರೆ.

ಚಿತ್ರದಿಂದ ಜನರ ಮನಸ್ಸು ಗೆಲ್ಲುವುದು ಟಿಪ್ಪುವಿಗೂ ಚೆನ್ನಾಗಿ ಗೊತ್ತಿತ್ತು. 1784ರಲ್ಲಿ ಕಟ್ಟಿಸಿದ ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧವಿದೆ. ಇಂಗ್ಲಿಷರ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಮುದುಡಿ ಕೂತಿದ್ದಾನೆ, ಸುತ್ತ ಮೈಸೂರಿನ ಕುದುರೆ ಸವಾರರ ಅಬ್ಬರ. ಅದು ಪ್ರಚಾರವೇ. ಆದರೆ ಬರೆಸಿದವನು ಯಾರು, ಯಾಕೆ ಬರೆಸಿದ ಎಂಬುದು ನೋಡಿದವರಿಗೆಲ್ಲ ತಿಳಿಯುತ್ತಿತ್ತು. ಟಿಪ್ಪು ಬಿದ್ದ ಮೇಲೆ ಅದೇ ಅರಮನೆಯಲ್ಲಿ ಉಳಿದ ಆರ್ಥರ್ ವೆಲ್ಲೆಸ್ಲಿ, ತನ್ನವರ ಸೋಲಿನ ಆ ಚಿತ್ರವನ್ನು ಮತ್ತೆ ಬರೆಸಿ ಉಳಿಸಿದ. ಶತ್ರುವಿನ ಚಿತ್ರದ ಜೊತೆಗೂ ಮಾತಾಡುವುದು ಆಗ ಸಾಧ್ಯವಿತ್ತು.

2023ರ ಮಾರ್ಚ್‌ನಲ್ಲಿ ಮಂಡ್ಯದಲ್ಲಿ ಪ್ರಧಾನಿಯ ಸ್ವಾಗತಕ್ಕೆ ಎದ್ದ ಕಮಾನಿನ ಮೇಲೆ ಉರಿಗೌಡ, ನಂಜೇಗೌಡ ಎಂಬ ಹೆಸರುಗಳು ಕಂಡವು. ಟಿಪ್ಪುವನ್ನು ಕೊಂದವರು ಇವರೇ ಎಂಬ ಪ್ರಚಾರ ಆ ಹೊತ್ತಿಗೆ ಜೋರಾಗಿತ್ತು. ಇದಕ್ಕೆ ದಾಖಲೆಯ ಆಧಾರವಿಲ್ಲವೆಂದು ಇತಿಹಾಸಕಾರರು ಹೇಳಿದರು. ಈ ಇಬ್ಬರ ಕುರಿತು ಸಿನಿಮಾ ಮಾಡುವುದಾಗಿ ಘೋಷಿಸಿದ್ದ ಆಗಿನ ಸಚಿವ, ನಿರ್ಮಾಪಕ ಮುನಿರತ್ನ, ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರನ್ನು ಭೇಟಿಯಾದ ಮೇಲೆ ಅದನ್ನು ಕೈಬಿಟ್ಟರು. ಸಿನಿಮಾ ನಿಂತರೂ ಆ ಹೆಸರುಗಳ ಪೋಸ್ಟರ್‌ಗಳು ಫೋನುಗಳಲ್ಲಿ ನಿಲ್ಲಲಿಲ್ಲ. ನಮ್ಮ ಓಬವ್ವನನ್ನೂ ಇಂಥ ಪೋಸ್ಟರ್‌ಗಳಿಗೆ ಎಳೆದು ತರುವುದನ್ನು ಕಂಡಾಗ ಸಂಕಟವಾಗುತ್ತದೆ. ಅವಳು ತಡೆದದ್ದು ತನ್ನ ಕೋಟೆಗೆ ನುಗ್ಗಿದ ಹೈದರಾಲಿಯ ಸೈನಿಕರನ್ನು. ಎರಡೂ ಕಡೆಯ ಸೇನೆಗಳಲ್ಲಿ ಹಿಂದೂ, ಮುಸ್ಲಿಂ ಎರಡೂ ಧರ್ಮದವರಿದ್ದರು. ಇಂದಿನ ಜಗಳಕ್ಕೆ ಅವಳ ಒನಕೆಯನ್ನು ಎರವಲು ಪಡೆಯುವವರಿಗೆ ಅವಳ ಕೇರಿಯ ನೆನಪು ಬರುವುದಿಲ್ಲ.

2024ರ ಜೂನ್‌ನಲ್ಲಿ ಚಿತ್ರದುರ್ಗದ ಹೆಸರು ದೇಶದ ಎ‌ಲ್ಲ ಚಾನೆಲ್‌ಗಳಲ್ಲೂ ಕೇಳಿಬಂತು. ಇಲ್ಲಿನ ಯುವಕನೊಬ್ಬನ ಕೊಲೆ ಬೆಂಗಳೂರಿನಲ್ಲಿ ನಡೆಯಿತು. ನಟ ದರ್ಶನ್ ಅದರಲ್ಲಿ ಆರೋಪಿ. ಅವರ ಜಾಮೀನನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 14ರಂದು ರದ್ದು ಮಾಡಿತು. ತೀರ್ಪು ನ್ಯಾಯಾಲಯದ್ದು, ಅದರ ಬಗ್ಗೆ ನಾನೇನೂ ಹೇಳುವುದಿಲ್ಲ. ಪ್ರಕರಣದ ಮೂಲ ಇನ್‌ಸ್ಟಾಗ್ರಾಂನಲ್ಲಿ ಒಬ್ಬ ಮಹಿಳೆಗೆ ಹೋದ ಅಸಭ್ಯ ಸಂದೇಶಗಳು ಎಂದು ತನಿಖೆ ಹೇಳಿತು. 2024ರ ಸೆಪ್ಟೆಂಬರ್‌ನಲ್ಲಿ ಆ ಯುವಕ ಅಂಗಲಾಚುತ್ತಿರುವ ಫೋಟೊಗಳು ಹೊರಬಿದ್ದವು. ಟಿವಿಗಳು ದಿನವಿಡೀ ತೋರಿಸಿದವು, ಫೋನುಗಳು ಅದಕ್ಕಿಂತ ಹೆಚ್ಚು ಹಂಚಿದವು. ಆರೋಪಪಟ್ಟಿಯ ಗೋಪ್ಯ ವಿವರಗಳನ್ನು ಪ್ರಸಾರ ಮಾಡದಂತೆ ಹೈಕೋರ್ಟ್ ತಡೆ ನೀಡಬೇಕಾಯಿತು. ಒಂದೇ ಫೋಟೊ ಒಬ್ಬರಲ್ಲಿ ಕರುಣೆ ಹುಟ್ಟಿಸಿತು, ಮತ್ತೊಬ್ಬರ ಕೈಯಲ್ಲಿ ಟ್ರೋಲ್ ಆಯಿತು. ಅಭಿಮಾನದ ಎಡಿಟ್ ವಿಡಿಯೊಗಳು ಒಂದು ಕಡೆ, ತೀರ್ಪು ಕೊಟ್ಟುಬಿಟ್ಟ ಥಂಬ್‌ನೇಲ್‌ಗಳು ಇನ್ನೊಂದು ಕಡೆ. ನ್ಯಾಯದ ಪರ ಮಾತಾಡಿದ ನಟಿ ರಮ್ಯಾ ಅವರಿಗೆ ಬಂದ ಕೊಳಕು ಸಂದೇಶಗಳ ಮೇಲೆ 2025ರ ಜುಲೈನಲ್ಲಿ ಅವರೇ ಪೊಲೀಸರಿಗೆ ದೂರು ಕೊಡಬೇಕಾಯಿತು. ಇಷ್ಟೆಲ್ಲದರ ನಡುವೆ ದುರ್ಗದ ಒಂದು ಮನೆಯವರು ತಮ್ಮ ಮಗನ ಕೊನೆಯ ಗಳಿಗೆಯನ್ನು ಬೀದಿಯ ಪ್ರತಿ ಫೋನಿನಲ್ಲೂ ಕಾಣುವಂತಾಯಿತು. ಆ ಫೋಟೊಗಳನ್ನು ಪೊಲೀಸರು, ವಕೀಲರು, ನ್ಯಾಯಾಧೀಶರು ನೋಡಬೇಕಿತ್ತು. ಉಳಿದವರಿಗೆ ಅವುಗಳ ಅಗತ್ಯ ಇರಲಿಲ್ಲ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಯಂತ್ರಗಳ ಪಾಲು ಇದರಲ್ಲಿ ಎಷ್ಟು? ಜನ ಹೆಚ್ಚು ಹೊತ್ತು ನೋಡಿದ್ದನ್ನು, ಹೆಚ್ಚು ಕೆರಳಿ ಉತ್ತರಿಸಿದ್ದನ್ನು ಇನ್ನಷ್ಟು ಜನರ ಮುಂದಿಡುವಂತೆ ಈ ಜಾಲಗಳ ಲೆಕ್ಕಾಚಾರ ನಡೆಯುತ್ತದೆ. ನೋಟದಿಂದ ಜಾಹೀರಾತು, ಜಾಹೀರಾತಿನಿಂದ ಹಣ. ಆದರೂ ಪೂರ್ತಿ ತಪ್ಪು ಯಂತ್ರದ್ದೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಅಮೆರಿಕದ ಎಂಐಟಿಯ ಮೂವರು ಸಂಶೋಧಕರು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿ ಸರಪಳಿಗಳನ್ನು ಪರಿಶೀಲಿಸಿ 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ನಿಜಕ್ಕಿಂತ ಸುಳ್ಳು ಮರುಹಂಚಿಕೆಯಾಗುವ ಸಾಧ್ಯತೆ ಶೇ 70ರಷ್ಟು ಹೆಚ್ಚಿತ್ತು. ಬಾಟ್‌ಗಳನ್ನು ಲೆಕ್ಕದಿಂದ ತೆಗೆದರೂ ಫಲಿತಾಂಶ ಬದಲಾಗಲಿಲ್ಲ. ಹಂಚಿದವರು ಮನುಷ್ಯರೇ.

ಈಗ ಚಿತ್ರ ಹುಟ್ಟಿಸುವುದಕ್ಕೂ ಯಂತ್ರ ಬಂದಿದೆ. ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೆ ಮಹಿಳೆಯ ದೇಹಕ್ಕೆ ಕೂಡಿಸಿದ ವಿಡಿಯೊ 2023ರ ನವೆಂಬರ್‌ನಲ್ಲಿ ಹರಡಿದಾಗ ಡೀಪ್‌ಫೇಕ್ ಎಂಬ ಪದ ಹಳ್ಳಿಗಳನ್ನೂ ಮುಟ್ಟಿತು. ಹೆಸರಾಂತ ನಟಿಯ ಪರವಾಗಿ ದೇಶವೇ ಮಾತಾಡಿತು, ಆರೋಪಿಯ ಬಂಧನವೂ ಆಯಿತು. ಹೊಳಲ್ಕೆರೆಯ ಕಾಲೇಜು ಹುಡುಗಿಗೆ ಹೀಗಾದರೆ ಅವಳು ಮನೆಯಲ್ಲಿ ಮೊದಲು ಯಾರಿಗೆ ಹೇಳಬೇಕು? ಪ್ರತಿ ತಾಲೂಕಿನ ಶಾಲೆ ಕಾಲೇಜುಗಳಲ್ಲಿ ಈ ಮಾತು ಅವಳಿಗೂ ಅವಳ ಅಪ್ಪ ಅಮ್ಮನಿಗೂ ಒಟ್ಟಿಗೆ ತಲುಪಬೇಕು.

ಕಾನೂನಿನ ದಾರಿ ಸಲೀಸಾಗಿಲ್ಲ. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವಾಗಿಸಿದ್ದ ಐಟಿ ಕಾಯ್ದೆಯ 66ಎ ಕಲಂ ಅನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿತು. ಕೇಂದ್ರದ ಸತ್ಯಶೋಧನಾ ಘಟಕದ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಅಸಿಂಧುಗೊಳಿಸಿತು. 2025ರ ಜೂನ್‌ನಲ್ಲಿ ಹೊರಬಂದ ಕರ್ನಾಟಕದ ಸುಳ್ಳು ಸುದ್ದಿ ನಿಷೇಧ ಕರಡಿನಲ್ಲಿ 7 ವರ್ಷದವರೆಗೆ ಜೈಲು ಎಂದಿತ್ತು. ಯಾವುದು ಸುಳ್ಳು ಎಂದು ಅಧಿಕಾರದಲ್ಲಿ ಕೂತವರೇ ತೀರ್ಮಾನಿಸಿದರೆ ಏನಾದೀತು ಎಂಬ ಆತಂಕ ಸಹಜವಾಗಿಯೇ ಎದ್ದಿತು. ನನಗೂ ಆ ಆತಂಕವಿದೆ. ಕೊಲೆಗೆ ಪ್ರಚೋದಿಸುವವನನ್ನು ಹಿಡಿಯಲು ಬೇಕಾದ ಕಾನೂನು ಈಗಾಗಲೇ ಇದೆ. ಸರ್ಕಾರಕ್ಕೆ ಹಿಡಿಸದ ಚಿತ್ರವನ್ನೂ ಸುಳ್ಳು ಎಂದು ಕರೆಯುವ ಅಧಿಕಾರ ಯಾವ ಪಕ್ಷದ ಕೈಯಲ್ಲೂ ಇರಬಾರದು.

ಕಾನೂನು ಹಿಡಿಯಲಾರದ ಇನ್ನೊಂದು ಸಂಗತಿಯಿದೆ: ಎಂದೂ ಚಿತ್ರವಾಗದ ವಿಷಯಗಳು. ಬರ ಒಂದೇ ದಿನದಲ್ಲಿ ಬರುವುದಿಲ್ಲ, ಆದ್ದರಿಂದ ಅದಕ್ಕೆ ರೀಲ್ ಇಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದರು. ಆ ವರ್ಷ ನಮ್ಮ ಜಿಲ್ಲೆಯಲ್ಲಿ ಕೊಳವೆಬಾವಿ ಬತ್ತಿ, ಟ್ಯಾಂಕರ್ ನೀರು ಹೊಯ್ದು ತೋಟ ಉಳಿಸಿಕೊಂಡವರ ಪಾಡು ಎಷ್ಟು ಜನರ ಸ್ಟೇಟಸ್ ಆಯಿತು? ಭದ್ರಾ ಮೇಲ್ದಂಡೆ ಯೋಜನೆ 29.90 ಟಿಎಂಸಿ ನೀರಿನಿಂದ ಮಧ್ಯ ಕರ್ನಾಟಕದ 2,25,515 ಹೆಕ್ಟೇರ್‌ಗೆ ನೀರುಣಿಸಬೇಕು. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾದ ದಿನ ಅಭಿನಂದನೆಯ ಪೋಸ್ಟರ್‌ಗಳು ಮಳೆಯಂತೆ ಸುರಿದವು. ಆ ಹಣಕ್ಕಾಗಿ ರೈತ ಸಂಘಗಳು ಆಮೇಲೆ ವರ್ಷಗಟ್ಟಲೆ ಕೂತ ಧರಣಿಗಳ ಫೋಟೊ ಊರಿನ ಪತ್ರಿಕೆಗಳ ಒಳಪುಟ ದಾಟಿದ್ದು ಅಪರೂಪ. ಜನಾಭಿಪ್ರಾಯ ಎಂದು ನಾವು ಕರೆಯುವುದರಲ್ಲಿ ಕಂಡ ಚಿತ್ರಗಳಷ್ಟೇ ಕಾಣದೆ ಹೋದ ಚಿತ್ರಗಳ ಪಾಲೂ ಇದೆ. ಅಗೆದು ಬಿಟ್ಟ ಕಾಲುವೆಯ ಒಂದು ಫೋಟೊ, ಊರಿನ ಹೆಸರು ದಿನಾಂಕದ ಸಮೇತ, ಪ್ರತಿ ತಿಂಗಳು ಅದೇ ಜಾಗದಿಂದ ತೆಗೆದು ಹಾಕಿದರೆ ಯಾವ ಭಾಷಣಕ್ಕಿಂತಲೂ ಹೆಚ್ಚು ಕೆಲಸ ಮಾಡೀತು. ಅದನ್ನು ಮಾಡಲು ಪತ್ರಕರ್ತರೇ ಬೇಕೆಂದಿಲ್ಲ.

ಆದ್ದರಿಂದ ಜಿಲ್ಲೆಯ ಓದುಗರಲ್ಲಿ ಒಂದು ಕೋರಿಕೆ. 2022ರಲ್ಲಿ ಮಾರಿಕಣಿವೆ ಕೋಡಿ ಬಿದ್ದ ದಿನ ನೀವು ತೆಗೆದ ಫೋಟೊ, ವಿಡಿಯೊಗಳು ನಿಮ್ಮ ಫೋನಿನಲ್ಲೋ ಹಳೆಯ ಮೆಮೊರಿ ಕಾರ್ಡಿನಲ್ಲೋ ಇನ್ನೂ ಇರುತ್ತವೆ. ಹಿನ್ನೀರು ನುಗ್ಗಿದ ಹೊಸದುರ್ಗದ ತೋಟಗಳ ಚಿತ್ರಗಳೂ ಕೆಲವರ ಹತ್ತಿರ ಇರುತ್ತವೆ. ತೆಗೆದವರ ಹೆಸರು, ಊರು, ದಿನ, ಯಾವ ಕಡೆ ನಿಂತು ತೆಗೆದದ್ದು ಎಂಬ ನಾಲ್ಕು ಮಾತು ಸೇರಿಸಿ ನಿಮ್ಮೂರಿನ ಗ್ರಂಥಾಲಯಕ್ಕೋ ಶಾಲೆಗೋ ಒಂದು ಪ್ರತಿ ಕೊಟ್ಟುಬಿಡಿ. ಈ ನೀರಿನ ಬಗ್ಗೆ ಮುಂದೆ ವಾದ ಎದ್ದಾಗ ನಮ್ಮ ಮಕ್ಕಳ ಕೈಯಲ್ಲಿ ಸಹಿ ಇರುವ ಚಿತ್ರಗಳಿರಲಿ.